ಇಲ್ಲದ್ದಕ್ಕೆ ಮೂಡಿದ ಗೆರೆ

ಆತಗೂರಿನ ನಮ್ಮವ್ವ ತೆಂಗಿನಕಾಯನ್ನು ಕಿವಿಯ ಬಳಿ ಅಲ್ಲಾಡಿಸದೆ ಎಂದೂ ಕೊಂಡವಳಲ್ಲ; ಎಷ್ಟೇ ಹೆಸರಾದ ಅಂಗಡಿಯದಾಗಲಿ, ಒಳಗೆ ನೀರು ಕುಲುಕಿದ ಸದ್ದು ಕೇಳಿದ ಮೇಲೆಯೇ ಕಾಯಿ ಚೀಲ ಸೇರಬೇಕು. ಅಂಥವಳ ಮಗಳಾದ ನಾನು ಮಂಡ್ಯದ ಪ್ರಯೋಗಾಲಯವೊಂದರಲ್ಲಿ ಸಂಶೋಧನೆಗೆ ಕುಳಿತಾಗ, ಹೆಬ್ಬೆರಳ ತುದಿಯಷ್ಟು ಪುಟ್ಟ ಸೀಸೆಯೊಂದನ್ನು ಬರಿಯ ಹೆಸರು ನೋಡಿ ನಂಬಿಬಿಟ್ಟೆ, ಮಿತ್ರರೇ.

ಆ ಸೀಸೆಯಲ್ಲಿದ್ದದ್ದು ಪ್ರತಿಕಾಯ. ಜೀವಕೋಶಗಳೂ ಅಕ್ಕಪಕ್ಕದ ಮನೆಯವರಂತೆ ಸುದ್ದಿ ದಾಟಿಸುತ್ತವೆ. ‘ಇಲ್ಲಿ ಊತ ಬಂದಿದೆ’ ಎಂಬ ಸುದ್ದಿಯನ್ನು ಕೋಶದೊಳಗೆ ಹೊತ್ತೊಯ್ಯುವ ಪ್ರೋಟೀನೊಂದಿದೆ. ಸಾವಿರಾರು ಪ್ರೋಟೀನುಗಳ ಸಂದಣಿಯಲ್ಲಿ ಅದೊಂದನ್ನೇ ಹುಡುಕಿ ಅಂಟಿಕೊಳ್ಳುವುದು ನನ್ನ ಪ್ರತಿಕಾಯದ ಕೆಲಸ. ಕೋಶಗಳ ಪ್ರೋಟೀನುಗಳನ್ನು ಬಿಳಿಯ ಹಾಳೆಗೆ ಇಳಿಸಿದರೆ, ಅದು ಅಂಟಿದ ಕಡೆ ಕಪ್ಪು ಗೆರೆ ಮೂಡುತ್ತದೆ. ಮೊಳಕೆ ಹುರುಳಿಯ ರಸ ಹಾಕಿದ ಕೋಶಗಳಲ್ಲಿ ಆ ಗೆರೆ ಮಾಸಿತ್ತು. ಎಂದರೆ, ಹುರುಳಿ ಊತದ ಸುದ್ದಿಗೇ ಅಡ್ಡ ನಿಲ್ಲುತ್ತದೆ! ನನ್ನ ಡಾಕ್ಟರೇಟು ಆ ಗೆರೆಯ ಮೇಲೆಯೇ ನಿಂತಿತ್ತು. ಲೇಖನ ಅಚ್ಚಿಗೆ ಹೊರಟಿತ್ತು.

ಅಷ್ಟರಲ್ಲಿ ಸೀಸೆ ಬರಿದಾಗುತ್ತ ಬಂತೆಂದು ಅದೇ ಕಂಪನಿಯ ಹೊಸದನ್ನು ತರಿಸಿದೆವು. ಮದ್ದೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ನನ್ನ ಜೊತೆಗಾತಿ ರೆಹಾನಾ ಅದನ್ನು ಬಳಸಿ ಪ್ರಯೋಗವನ್ನು ಮತ್ತೆ ಮಾಡಿದಳು. ರಸ ಹಾಕಿದ ಕೋಶದಲ್ಲೂ ಹಾಕದ ಕೋಶದಲ್ಲೂ ಗೆರೆ ಒಂದೇ ಸಮ!

ನಮ್ಮ ಮಾರ್ಗದರ್ಶಕರು ಮಳವಳ್ಳಿ ಕಡೆಯವರು, ಮಾತಿನಲ್ಲಿ ಮುಲಾಜಿಲ್ಲ. “ಏನಮ್ಮ ರೆಹಾನಾ, ರಸ ಆಕೋದೇ ಮರ್ತ್‌ಬುಟ್ಯಾ? ಗ್ಯಾನ ಮಡಿಕ್ಕಂಡು ಕೆಲ್ಸ ಮಾಡು” ಎಂದರು. ಅವಳು ತಲೆ ತಗ್ಗಿಸಲಿಲ್ಲ. ನನಗೂ ಅನುಮಾನ ಅವಳ ಮೇಲೆಯೇ. ಅನುಮಾನದ ಜಾಯಮಾನವೇ ಅಂಥದು. ಬೇಕಾದ ಉತ್ತರ ತಂದವರನ್ನು ಅದು ತಡೆದು ಕೇಳುವುದಿಲ್ಲ, ಬೇಡದ್ದನ್ನು ತಂದವರ ಚೀಲವನ್ನು ಮಾತ್ರ ಜಾಲಾಡುತ್ತದೆ. ಅವಳು ಕೋಶಗಳ ತಟ್ಟೆ ಮುಟ್ಟಿದರೆ ನನ್ನ ಕಣ್ಣು ಅತ್ತ. ನಾನು ಫ್ರಿಜ್ಜಿನ ಬಳಿ ಸುಳಿದರೆ ಅವಳ ಕಣ್ಣು ಇತ್ತ. ಒಟ್ಟಿಗೆ ಬಿಚ್ಚುತ್ತಿದ್ದ ಊಟದ ಡಬ್ಬಿಗಳೂ ಬೇರೆಯಾದವು.

ಕೊನೆಗೊಂದು ದಿನ ಅವಳು ನೇರವಾಗಿ ಕೇಳಿದಳು: “ನನ್ ಕೈ ಮ್ಯಾಲೆ ಅನ್ಮಾನ ಬತ್ತದೆ, ನಿನ್ ಸೀಸೆ ಮ್ಯಾಲೆ ಯಾಕ್ ಬರಾಕಿಲ್ಲ? ಮ್ಯಾಲೊಂದು ಚೀಟಿ ಅಂಟ್ಸುಬುಟ್ರೆ ಒಳಗಿರಾದು ಸಾಚಾ ಆಗೋಯ್ತದಾ?”

ಆ ಮಾತು ಮುಳ್ಳಿನಂತೆ ಒಳಗೇ ಮುರಿಯಿತು. ಮೈಸೂರಿನ ಗೆಳತಿಯೊಬ್ಬಳಿಂದ ವಿಶೇಷ ಕೋಶಗಳನ್ನು ತರಿಸಿದೆ. ಆ ಪ್ರೋಟೀನನ್ನು ತಯಾರಿಸುವ ಶಕ್ತಿಯನ್ನೇ ಅವುಗಳಿಂದ ಕಿತ್ತುಹಾಕಲಾಗಿತ್ತು. ಪ್ರೋಟೀನೇ ಇಲ್ಲದಲ್ಲಿ ಗೆರೆ ಎಲ್ಲಿಂದ ಬರಬೇಕು? ಇಬ್ಬರೂ ಒಬ್ಬರ ಮೇಲೊಬ್ಬರು ಕಣ್ಣಿಟ್ಟುಕೊಂಡೇ ಎರಡೂ ಸೀಸೆಗಳನ್ನು ಪರೀಕ್ಷಿಸಿದೆವು. ಹೊಸ ಸೀಸೆಯ ಹಾಳೆ ಬೆಳ್ಳಗೆ ಉಳಿಯಿತು. ನನ್ನ ಹಳೆಯ ಸೀಸೆಯ ಹಾಳೆಯಲ್ಲಿ ಮಾತ್ರ ಗೆರೆ, ಕಾಡಿಗೆ ತೀಡಿದಷ್ಟು ಕಪ್ಪಗೆ, ಎದ್ದು ನಿಂತಿತು. ಇಷ್ಟು ದಿನ ಅದು ಬೇರೆ ಯಾರನ್ನೋ ಹಿಡಿದು ತಂದು, ನನಗೆ ಬೇಕಾದ ಹೆಸರು ಹೇಳುತ್ತಿತ್ತು.

ಹಾಳೆಯನ್ನು ಮಡಚಿ ಎಸೆದರೆ ಯಾರಿಗೆ ತಿಳಿದೀತು ಎಂಬ ಯೋಚನೆ ಸುಳಿಯಿತು, ಸುಳ್ಳೇಕೆ ಹೇಳಲಿ? ತಲೆಯೆತ್ತಿದರೆ ರೆಹಾನಾ ಹಾಳೆಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. “ನಡಿ, ಸಾರ್‌ಗೆ ತೋರ್ಸಾನ” ಎಂದೆ.

ಅವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. “ಲೇಖನ ವಾಪಸ್ ತಗೊಂಬುಡು” ಎಂದರು.

“ಮತ್ತೆ ಮೊದ್ಲಿಂದ್ಲಾ ಸಾರ್?” ಎಂದೆ.

“ಇನ್ನೇನು? ಸುಳ್ಳಿನ್ ಮ್ಯಾಲೆ ಕುಂತ್ಕಂಡು ಡಾಕ್ಟ್ರು ಅನ್ನುಸ್ಕೋತೀಯಾ?” ಅವರು ರೆಹಾನಾಳ ಕಡೆ ತಿರುಗಿದರು. ದನಿ ಇಳಿದಿತ್ತು. “ತಪ್ಪಾಯ್ತು ಕಣಮ್ಮ. ಇನ್ಮ್ಯಾಕೆ ನನ್ ಮಾತ್ನೂ ಅನ್ಮಾನ್ದಲ್ಲೇ ನೋಡು.”

“ನೋಡ್ತಾನೇ ಇವ್ನಿ ಸಾರ್” ಎಂದಳು ರೆಹಾನಾ, ಒಂದಿಷ್ಟೂ ನಗದೆ.