ಬೂಬಣ್ಣನಿಗೊಂದು ಚೌಕ

ಮುಂಬಯಿ ಬದಿಯ ನೆರೂಳದ ಧರ್ಮಪಾಲ ಸಾಲಿಯಾನರ ಹಳೆಯ ಕಂಪ್ಯೂಟರನ್ನು ಆನ್ ಮಾಡಿ ಸ್ನಾನಕ್ಕೆ ಹೋದರೆ, ಸ್ನಾನ ಮುಗಿದು, ಚಹಾ ಮುಗಿದು, ಸರಕಾರವೊಂದು ಬಂದು ಬಿದ್ದ ಮೇಲೆ ಪರದೆ ಬೆಳಗುತ್ತಿತ್ತು. ಅದರ ಫ್ಯಾನು ತಿರುಗಲು ಶುರುವಾದರೆ ಕೆಳಗಿನ ಮಹಡಿಯವರು ಮಳೆ ಬಂತೆಂದು ಒಣಹಾಕಿದ ಬಟ್ಟೆ ಒಳಗೆ ತರುತ್ತಿದ್ದರು. ಮಗ ಮನೀಶ್ ಘಣಸೋಲಿಯ ತನ್ನ ಮನೆಯಿಂದ ಹೊಸ ಲ್ಯಾಪ್‌ಟಾಪ್ ತಂದು ಮೇಜಿನ ಮೇಲಿಟ್ಟು, "ಪಪ್ಪಾ, ಆ ಡಬ್ಬ ಇನ್ನು ಗುಜರಿಗೆ, ಭಂಗಾರ್‌ನವನಿಗೆ ಕೊಟ್ಟುಬಿಡಿ" ಎಂದು ಹೇಳಿ ಹೋಗಿ ವಾರ ಕಳೆದಿತ್ತು.

ಕೊಡಲಿಕ್ಕೆ ಧರ್ಮಪಾಲರದೇನೂ ಅಡ್ಡಿಯಿರಲಿಲ್ಲ. ಆದರೆ ಆ ಡಬ್ಬದೊಳಗೆ ಅವರ ಕುಟುಂಬವಿತ್ತು. ಇಪ್ಪತ್ತು ವರ್ಷಗಳಿಗೂ ಹಿಂದೆ, ಬಂದರಿನ ಆಫೀಸೊಂದರಲ್ಲಿ ಗುಮಾಸ್ತರಾಗಿದ್ದಾಗ, ಸಿ.ಡಿ.ಯಲ್ಲಿ ಬಂದ ವಂಶವೃಕ್ಷದ ಸಾಫ್ಟ್‌ವೇರಿನೊಳಗೆ ಅವರು ಊರು, ಮುಂಬಯಿ, ಮಸ್ಕತ್ತುಗಳಲ್ಲಿ ಚದುರಿಹೋಗಿದ್ದ ನೆಂಟರನ್ನೆಲ್ಲ ಒಬ್ಬೊಬ್ಬರಾಗಿ ತುಂಬಿಸಿದ್ದರು. ಅಂದಿನಿಂದ ಮದುವೆ ಮನೆಗಳಲ್ಲಿ ಜನ ಊಟದ ಪಂಕ್ತಿ ಬಿಟ್ಟು ಅವರ ಹತ್ತಿರ ಬಂದು, ನನ್ನ ಅಜ್ಜಿಯ ಅಜ್ಜಿ ಯಾರು ಮಾರಾಯ್ರೆ ಎಂದು ಕೇಳುವುದಿತ್ತು. ಧರ್ಮಪಾಲರು ಅಜ್ಜಿಯ ಅಜ್ಜಿಯ ಹೆಸರಷ್ಟೇ ಅಲ್ಲ, ಆಕೆ ಸಾಕಿದ ಎಮ್ಮೆಯ ಹೆಸರನ್ನೂ ಹೇಳುತ್ತಿದ್ದರು. ಎಮ್ಮೆಯ ಹೆಸರು ಅವರ ಸ್ವಂತ ಸೇರ್ಪಡೆ.

ಅವರದು ತಾಯಿಯಿಂದ ಎಣಿಸುವ ಕುಟುಂಬ. ಮಕ್ಕಳು ತಾಯಿಯ 'ಬಳಿ'ಗೆ, ಅಂದರೆ ಅವಳ ಗೋತ್ರಕ್ಕೆ, ಸೇರಿದವರು. ಸಾಲಿಯಾನ್, ಬಂಗೇರ ಎಂದು ಹೆಸರಿಗೆ ಅಂಟಿಕೊಳ್ಳುವುದೂ ತಾಯಿಯ ಕಡೆಯದೇ. ಮನೆಯ ಯಜಮಾನ ಸೋದರಮಾವ. ಅಪ್ಪನೆಂದರೆ ಬೇರೆ ಕುಟುಂಬದಿಂದ ಬಂದುಹೋಗುವ ಮರ್ಯಾದಸ್ಥ ನೆಂಟ. ಆದರೆ ಆ ಸಾಫ್ಟ್‌ವೇರು ಮಾಡಿದವರ ದೇಶದಲ್ಲಿ ಅಪ್ಪನ ಸಹಿಯಿಲ್ಲದೆ ಯಾರಿಗೂ ಹುಟ್ಟುವ ಪರವಾನಗಿ ಇರಲಿಲ್ಲವೆಂದು ಕಾಣುತ್ತದೆ. ತಾಯಿಯ ಹೆಸರೊಂದನ್ನೇ ಕೊಟ್ಟರೆ ಅದು ಮಕ್ಕಳ ಕಡೆಗೆ ಗೆರೆಯನ್ನೇ ಎಳೆಯದು. ಧರ್ಮಪಾಲರು ಒಂದು ರಾತ್ರಿ ನಿದ್ದೆಗೆಟ್ಟು ಉಪಾಯ ಹುಡುಕಿದರು: 'ತಂದೆ' ಎಂಬ ಚೌಕದಲ್ಲಿ ಎಲ್ಲ ಕಡೆಯೂ ಸೋದರಮಾವನನ್ನು ಕೂರಿಸಿಬಿಟ್ಟರು. ಮರ ನೆಟ್ಟಗೆ ನಿಂತಿತು. ಕುಟುಂಬದ ಸಭೆಯಲ್ಲಿ ಅವರಿಗೆ ಶಾಲು ಹೊದಿಸಿದರು.

ಈಗ ಹೊಸ ಲ್ಯಾಪ್‌ಟಾಪಿನ ಸಾಫ್ಟ್‌ವೇರು ಆ ಹಳೆಯ ಫೈಲನ್ನು ಮೂಸಿಯೂ ನೋಡಲಿಲ್ಲ. ಮೊದಲು ಹಳೆಯ ಕಂಪ್ಯೂಟರಿನಲ್ಲೇ ಅಪ್‌ಗ್ರೇಡ್ ಮಾಡಿ, ಆಮೇಲೆ ಇತ್ತ ತಾ ಎಂದಿತು. ಶನಿವಾರ ಬೆಳಿಗ್ಗೆ ಧರ್ಮಪಾಲರು ಅಪ್‌ಗ್ರೇಡಿಗೆ ಕೂತರು. ನೀಲಿ ಪಟ್ಟಿಯೊಂದು ಎಡದಿಂದ ಬಲಕ್ಕೆ ತೆವಳತೊಡಗಿತು. ಅದು ಬಲದ ಅಂಚು ಮುಟ್ಟುವ ಹೊತ್ತಿಗೆ ಅವರ ಹೆಂಡತಿ ಬಾಗಿಯವರು ಮಾರ್ಕೆಟಿನಿಂದ ಬಂಗುಡೆ ತಂದು, ಮಸಾಲೆ ಕಡೆದು, ಸಾರು ಕುದಿಸಿ ಇಳಿಸಿದ್ದರು. ಆಮೇಲೆ ಸಾಫ್ಟ್‌ವೇರು ಹೊಸದಾಗಿ ಬುದ್ಧಿ ಬಂದವರ ಹಾಗೆ ಮರದ ತಪಾಸಣೆಗಿಳಿಯಿತು. ಕೆಂಪು ಅಕ್ಷರದಲ್ಲಿ ದೂರು ಕೊಟ್ಟಿತು. ಇಲ್ಲಿ ಒಡಹುಟ್ಟಿದವರೇ ಗಂಡಹೆಂಡಿರಾಗಿದ್ದಾರೆ. ಅದೂ ಒಂದೆಡೆಯಲ್ಲ, ಬೇರಿನಿಂದ ತುದಿಯವರೆಗೆ.

"ಬಾಗಿ, ಸ್ವಲ್ಪ ಬಾ ಇಲ್ಲಿ. ನಮ್ಮ ಕುಟುಂಬದ ಮೇಲೆ ಪೊಲೀಸ್ ಕೇಸ್ ಆಗುವ ಅಂದಾಜುಂಟು."

ಬಾಗಿ ಸೌಟು ಹಿಡಿದುಕೊಂಡೇ ಬಂದು ನೋಡಿದರು. "ಅವತ್ತೇ ಹೇಳಿದ್ದೆ, ಮಾವನನ್ನು ಅಪ್ಪ ಮಾಡಬೇಡಿ ಅಂತ. ನಿಮಗೆ ಶಾಲು ಬೇಕಿತ್ತು."

"ಧರ್ಮಪಾಲನ ನಿಜವಾದ ತಂದೆ ಯಾರು ಅಂತ ಕೇಳ್ತಾ ಉಂಟು ಇದು."

"ಅದಕ್ಕಾದ್ರೂ ಕೇಳುವ ಅಂತ ಕಂಡಿತಲ್ಲ, ಪಾಪ" ಎಂದು ಬಾಗಿ ಒಳಗೆ ಹೋದರು.

ಧರ್ಮಪಾಲರ ನಿಜವಾದ ತಂದೆ ಬೂಬ ಬಂಗೇರ. ಠಾಣೆಯ ಕೋಪರಿಯಲ್ಲಿ ಸ್ಟೇಷನ್ ಬದಿಯ ಹೋಟೆಲೊಂದರಲ್ಲಿ ಜೀವಮಾನವಿಡೀ ದೋಸೆ ಹಾಕಿದವರು. ಅವರ ಪೇಪರ್ ದೋಸೆಯ ಒಂದು ತುದಿ ಕೋಪರಿಯ ಕಾವಲಿಯ ಮೇಲಿದ್ದರೆ ಇನ್ನೊಂದು ತುದಿ ಮುಂಬಯಿ ಗಡಿಯ ಮುಲುಂಡ್ ನಾಕಾ ದಾಟುತ್ತಿತ್ತು. ಮುಂಬಯಿಯೊಳಗೆ ಬಿದ್ದ ಭಾಗಕ್ಕೆ ಹೋಟೆಲಿನವರು ಜಕಾತಿ ಕಟ್ಟಬೇಕಾಗುತ್ತಿತ್ತು ಎಂದು ಧರ್ಮಪಾಲರು ಇಂದಿಗೂ ಹೇಳುವುದುಂಟು. ಅಷ್ಟಗಲ ದೋಸೆ ಹಾಕಿದ ಮನುಷ್ಯ ಮನೆಯಲ್ಲಿ ಹಿಡಿಯುತ್ತಿದ್ದ ಜಾಗ ಒಂದು ಸ್ಟೂಲಿನಷ್ಟು. ಮಗನಿಗೆ ಜ್ವರ ಬಂದಾಗ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಗೆ ಓಡಿದವರು ಅವರು, ರಾತ್ರಿ ಶಾಲೆಯ ಬಾಗಿಲಲ್ಲಿ ಕಾದು ಕೂತವರು ಅವರು. ಊರಿನಲ್ಲಿದ್ದ ಸೋದರಮಾವ ವರ್ಷಕ್ಕೊಮ್ಮೆ ಬುದ್ಧಿಮಾತು ಕಳಿಸುತ್ತಿದ್ದ. ಚೌಕ ಸಿಕ್ಕಿದ್ದು ಮಾವನಿಗೆ.

ಮರ ಮೊದಲ ಬಾರಿ ಪರದೆಯ ಮೇಲೆ ನಿಂತ ದಿನ ಬೂಬಣ್ಣ ಸ್ಟೂಲನ್ನು ಎಳೆದುಕೊಂಡು ಮಗನ ಪಕ್ಕದಲ್ಲಿ ಕೂತಿದ್ದರು. ಅವರಿಗೆ ಓದು ಬಾರದು. ಕಾವಲಿ ಕಾದಿದೆಯೋ ಎಂದು ನೋಡುವವರ ಹಾಗೆ ಅಂಗೈಯನ್ನು ಗಾಜಿನಿಂದ ಒಂಚೂರು ದೂರ ಹಿಡಿದು, ಚೌಕದಿಂದ ಚೌಕಕ್ಕೆ ಸರಿಸುತ್ತ ಹೋದರು.

"ನಾನೆಲ್ಲಿ ಮಗಾ?"

"ನೀವು ಇದರಲ್ಲಿಲ್ಲಪ್ಪ. ನಿಮ್ಮ ಅಕ್ಕನ ಮಕ್ಕಳ ಕಂಪ್ಯೂಟರಿನಲ್ಲಿ ಇರ್ತೀರಿ" ಎಂದಿದ್ದರು ಧರ್ಮಪಾಲ.

ಮನೆ ತುಂಬ ನೆಂಟರಿದ್ದರು. ಎಲ್ಲರೂ ನಕ್ಕರು. ಬೂಬಣ್ಣನೂ ನಕ್ಕರು. ಎರಡು ವರ್ಷದ ಬಳಿಕ ತೀರಿಕೊಂಡರು.

ಧರ್ಮಪಾಲರು ಈಗ ಮಾವನನ್ನು ಚೌಕದಿಂದ ಎಬ್ಬಿಸಿ 'ಬೂಬ ಬಂಗೇರ' ಎಂದು ಟೈಪು ಮಾಡಿದರು. ಹೆಸರೇನೋ ಬಂತು, ಆದರೆ ಮೇಲೂ ಕೆಳಗೂ ಆಧಾರವಿಲ್ಲದೆ ತೂಗಾಡಿತು. ಸಾಫ್ಟ್‌ವೇರು ಮುಂದಿನ ಪ್ರಶ್ನೆ ಕೇಳಿತು: ಇವರ ತಾಯಿ? ಧರ್ಮಪಾಲರ ಬೆರಳು ಕೀಲಿಗಳ ಮೇಲೆಯೇ ನಿಂತಿತು. ಊರಿನವರ ಎಮ್ಮೆಗಳಿಗೆಲ್ಲ ಹೆಸರಿಟ್ಟು ಬಂದವರಿಗೆ ಸ್ವಂತ ಅಪ್ಪನ ತಾಯಿಯ ಹೆಸರು ಗೊತ್ತಿರಲಿಲ್ಲ.

ಗೊತ್ತಿದ್ದರೆ ಒಬ್ಬನಿಗೇ: ಡೊಂಬಿವಲಿಯ ದೇವದಾಸ್, ಬೂಬಣ್ಣನ ಅಕ್ಕನ ಮಗ. ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್ ಆಗಿದ್ದವ. ಬೂಬಣ್ಣ ಹೋದ ಮೇಲೆ ಎರಡು ಮನೆಗಳ ಬಳಕೆ ಯಾವ ಜಗಳವೂ ಇಲ್ಲದೆ ತನ್ನಷ್ಟಕ್ಕೇ ನಿಂತುಹೋಗಿತ್ತು.

"ಫೋನ್ ಮಾಡಿ ಕೇಳಿ" ಎಂದರು ಬಾಗಿ.

"ನನ್ನ ಅಪ್ಪನ ತಾಯಿ ಯಾರು ಅಂತ ಫೋನಲ್ಲಿ ಕೇಳುವ ವಯಸ್ಸಾ ಇದು? ಮುಖ ತೋರಿಸಿ ಕೇಳ್ತೇನೆ."

ಭಾನುವಾರ ಹೊರಟರು. ಠಾಣೆಯಲ್ಲಿ ರೈಲು ಬದಲಿಸುವಾಗ ಜನರೇ ಅವರನ್ನು ಎತ್ತಿ ಡಬ್ಬಿಯೊಳಗೆ ಹಾಕಿದರು, ಡೊಂಬಿವಲಿಯಲ್ಲಿ ಜನರೇ ಎತ್ತಿ ಹೊರಗಿಟ್ಟರು. ನಡುವೆ ಅವರ ಕಾಲು ಮುಂಬ್ರಾದವರೆಗೂ ನೆಲ ಮುಟ್ಟಲಿಲ್ಲ.

ಬಾಗಿಲು ತೆರೆದ ದೇವದಾಸ್ ಕನ್ನಡಕ ಸರಿಮಾಡಿಕೊಂಡು ನೋಡಿದ. "ಓ, ಧರ್ಮಪಾಲ ಭಾವ. ಯಾರು ಸತ್ತದ್ದು?"

"ಯಾರೂ ಇಲ್ಲ ಮಾರಾಯ."

"ಹಾಗಾದ್ರೆ ಮದುವೆ ಕಾಗದ. ಕೊಡು."

"ಅದೂ ಅಲ್ಲ. ಅಜ್ಜಿಯ ಹೆಸರು ಬೇಕಿತ್ತು."

"ಯಾರ ಅಜ್ಜಿ?"

"ನಿನ್ನ ಅಮ್ಮನ ಅಮ್ಮ. ನನಗೂ ಅಜ್ಜಿ ಅಂತ ನಿನ್ನೆ ಕಂಪ್ಯೂಟರ್ ಹೇಳಿತು."

ದೇವದಾಸ್ ಕೆಮ್ಮು ಬರುವಷ್ಟು ನಕ್ಕ. "ಅಕ್ಕು. ಅಕ್ಕು ಬಂಗೇರ. ಇಷ್ಟಕ್ಕೆ ನೆರೂಳದಿಂದ ಬಂದದ್ದಾ? ಗೋಡೆ ಮೇಲೇ ಉಂಟಲ್ಲ, ನೋಡು."

ಹಾಲಿನ ಗೋಡೆಯಲ್ಲಿ ಪ್ಲೈವುಡ್ಡಿನ ಬೋರ್ಡು ತೂಗುತ್ತಿತ್ತು. ದೇವದಾಸ್ ತನ್ನ ಕುಟುಂಬದ ಮರವನ್ನು ಆಯಿಲ್ ಪೇಂಟಿನಲ್ಲಿ ಬರೆದಿದ್ದ. ಎಲೆಗಳು ಎಷ್ಟು ದಟ್ಟವೆಂದರೆ ಆ ಹಾಲಿನಲ್ಲಿ ಹಗಲು ಹೊತ್ತೂ ಲೈಟು ಹಾಕಬೇಕಾಗುತ್ತಿತ್ತು. ಬುಡದಲ್ಲಿ ಅಕ್ಕು. ಅವಳಿಂದ ಎರಡು ಕೊಂಬೆ. ದೇವದಾಸನ ತಾಯಿಯ ಕೊಂಬೆಯಲ್ಲಿ ಎಲೆಯೋ ಎಲೆ. ಇನ್ನೊಂದು ಕೊಂಬೆಯಲ್ಲಿ 'ಬೂಬ' ಎಂದು ಅಂದವಾಗಿ ಬರೆದಿತ್ತು. ಅದರಾಚೆ ಬರೀ ಪ್ಲೈವುಡ್ಡು.

"ಇದರಲ್ಲಿ ನಾನಿಲ್ಲವಲ್ಲ" ಎಂದರು ಧರ್ಮಪಾಲ.

"ನೀನು ಹೇಗೆ ಬರ್ತಿ ಭಾವ? ನೀನು ನಿನ್ನ ಅಮ್ಮನ ಕಡೆಗೆ." ದೇವದಾಸ್ ಕುರ್ಚಿ ಎಳೆದ. ಎಳೆದವನು ಕೂರಲಿಲ್ಲ. "ಬೂಬ ಮಾವನೂ ಇದನ್ನೇ ಕೇಳಿದ್ದರು."

"ಯಾವಾಗ?"

"ನೀನು ಕಂಪ್ಯೂಟರಲ್ಲಿ ಮರ ಮಾಡಿದಿಯಲ್ಲ, ಅದಾದ ಮೇಲೆ. ಒಬ್ಬರೇ ಬಂದಿದ್ದರು. ತನ್ನ ಹೆಸರು ಎಲ್ಲಿ ಅಂತ ಕೇಳಿ, ಮುಟ್ಟಿ ನೋಡಿದರು. ಭಾರಿ ಖುಷಿ. ಆಮೇಲೆ ಕೈ ಆಚೆ ತಂದು, ನನ್ನ ಮಕ್ಕಳೆಲ್ಲಿ ಅಂದರು."

ಆ ದಿನ ಧರ್ಮಪಾಲರಿಗೆ ನೆನಪಿತ್ತು. ಹಳೆ ಹೋಟೆಲಿನವರನ್ನು ನೋಡಿ ಬರುತ್ತೇನೆ, ಕೋಪರಿಗೆ ಹೋಗಿ ಬರುತ್ತೇನೆ ಎಂದಿದ್ದರು ಅಪ್ಪ. ಕತ್ತಲಾದ ಮೇಲೆ ಬಂದಿದ್ದರು.

"ನೀನೇನಂದೆ?"

"ಅವರೆಲ್ಲ ಧರ್ಮಪಾಲನ ಕಂಪ್ಯೂಟರಲ್ಲಿ ಇದ್ದಾರೆ ಮಾವ, ಅಂದೆ. ತಮಾಷೆಗೆ."

"ನಕ್ಕರಾ?"

"ನಕ್ಕರು."

ಕುಟುಂಬದ ಯಾವ ಸಮಾರಂಭದಲ್ಲೂ ಈ ಇಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ. ಇವರ ಜೋಕಿಗೆ ಜನ ಪಾಯಸ ಮೂಗಿಗೆ ಹತ್ತಿಸಿಕೊಳ್ಳುತ್ತಿದ್ದರು. ಈಗ ಇಬ್ಬರೂ ಬೋರ್ಡನ್ನೇ ನೋಡುತ್ತ ನಿಂತರು. ಒಳಗಿನಿಂದ ಚಹಾ ಬಂತು. ಆರಿತು. ಅದರ ಮೇಲೆ ಕಟ್ಟಿದ ಕೆನೆಯನ್ನು ದೇವದಾಸ್ ಬೆರಳಿನಿಂದ ಬದಿಗೆ ಸರಿಸಿ, "ಬ್ರಶ್ಶು ಉಂಟು ಭಾವ. ಕೈ ನಡುಗ್ತದೆ, ಆದ್ರೂ ಒಂದು ಎಲೆ ಬರೀತೇನೆ" ಎಂದ.

"ಬರಿ" ಎಂದರು ಧರ್ಮಪಾಲ.

ಮನೆಗೆ ಬಂದು ಅವರು ಅಕ್ಕುವನ್ನು ಬರೆದರು, ಅವಳ ಮಗನನ್ನು ಬರೆದರು, ಆ ಮಗನಿಂದ ತಮ್ಮವರೆಗೆ ಗೆರೆ ಎಳೆದರು. ಬಾಗಿಯ ಕಡೆಯವನೆಂದು ಬಿಟ್ಟಿದ್ದ ಮನೀಶನವರೆಗೆ ತಮ್ಮಿಂದ ಗೆರೆಯಿಲ್ಲದ್ದು ಆಗ ಕಣ್ಣಿಗೆ ಬಿತ್ತು, ಅದನ್ನೂ ಎಳೆದರು. ಉಳಿದ ಚೌಕಗಳ ಅಪ್ಪಂದಿರನ್ನೆಲ್ಲ ಹುಡುಕಹೊರಟರೆ ಕುಟುಂಬದವರು ಶಾಲು ವಾಪಸು ಕೇಳಬಹುದು, ಕೇಳಲಿ ಎಂದುಕೊಂಡರು. ಅಪ್‌ಗ್ರೇಡ್ ಮುಗಿದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಹೊಸ ಲ್ಯಾಪ್‌ಟಾಪಿಗೆ ತಂದರು. ಕಣ್ಣು ಮಿಟುಕಿಸುವಷ್ಟರಲ್ಲಿ ಇಡೀ ಮರ ಅರಳಿ ನಿಂತಿತು.

ಆಮೇಲೆ ಒಂದು ಸಣ್ಣ ಕಿಟಕಿ ತೆರೆದುಕೊಂಡಿತು. ಹೊಸದಾಗಿ ಸೇರಿದ ಬೂಬ ಬಂಗೇರರ ಮರಣದ ದಿನ ಎಲ್ಲೂ ಇಲ್ಲ, ಆದ್ದರಿಂದ ಅವರು ಬದುಕಿದ್ದಾರೆ ಎಂದು ಸಾಫ್ಟ್‌ವೇರು ತೀರ್ಮಾನಿಸಿತ್ತು. ಈ ಮರವನ್ನು ನೋಡಲು ಅವರನ್ನು ಕರೆಯೋಣವೇ ಎಂದು ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ. ಒಂದು 'ಕರೆಯಿರಿ', ಇನ್ನೊಂದು 'ನಂತರ'.

ಬಾಗಿ ಹಿಂದೆ ಬಂದು ನಿಂತಿದ್ದರು. "ತೀರಿಹೋದ ತಾರೀಕು ಹಾಕಿಬಿಡಿ. ಮತ್ತೆ ಕೇಳುವುದಿಲ್ಲ ಅದು."

"ಗೊತ್ತುಂಟು" ಎಂದರು ಧರ್ಮಪಾಲ. ತಾರೀಕೂ ಗೊತ್ತಿತ್ತು. 'ನಂತರ' ಒತ್ತಿದರು.

ಹಳೆಯ ಡಬ್ಬವನ್ನು ಭಂಗಾರ್‌ನವ ಹೊತ್ತುಕೊಂಡು ಹೋದ. ಲ್ಯಾಪ್‌ಟಾಪ್ ತೆರೆದಾಗಲೆಲ್ಲ ಆ ಕಿಟಕಿ ಬರುತ್ತದೆ, ಬೂಬಣ್ಣನನ್ನು ಕರೆಯೋಣವೇ ಎಂದು ಕೇಳುತ್ತದೆ. ಧರ್ಮಪಾಲರು ಸ್ವಲ್ಪ ಹೊತ್ತು ನೋಡುತ್ತಾರೆ, 'ನಂತರ' ಒತ್ತುತ್ತಾರೆ.