ಸೋಮವಾರದ ಹಳದಿ ದೀಪ

ಅರ್ಧ ಕಾಫಿ ಕುಡಿದು, ಲೋಟವನ್ನು ಜಗಲಿಯ ಮೇಲಿಟ್ಟು, ಬೀದಿಗಿಳಿದು, ನಿಲ್ಲಿಸಿದ ಗಾಡಿಯ ಬ್ರೇಕನ್ನು ಇನ್ನೊಮ್ಮೆ ಎಳೆದು ಬರುವುದು ನಮ್ಮ ಭಾವನವರ ಚಟವಾಗಿತ್ತು. ಬಸವೇಶ್ವರನಗರದ ಅವರ ಮನೆ ಇರುವುದು ಇಳಿಜಾರಿನ ರಸ್ತೆಯಲ್ಲಿ. ಎಂದೋ ಒಮ್ಮೆ ಅವರ ಹಳೆಯ ಟೆಂಪೊ ಯಾರ ಅಪ್ಪಣೆಯನ್ನೂ ಕೇಳದೆ ಉರುಳಿಹೋಗಿ ಕೆಳಗಿನ ಮನೆಯ ಕಾಂಪೌಂಡಿಗೆ ತಲೆ ಕೊಟ್ಟಿತ್ತು. ಆ ದಿನ ಅಂಟಿಕೊಂಡ ಚಟವಿದು. ಟೆಂಪೊ ಹೋಗಿ ಪಿಕಪ್ ಬಂತು, ಉದ್ದನೆಯ ಹ್ಯಾಂಡ್‌ಬ್ರೇಕ್ ಹೋಗಿ ಒಂದೇ ಬೆರಳಲ್ಲಿ ಎತ್ತುವ ಪುಟ್ಟ ಸ್ವಿಚ್ಚು ಬಂತು, ಚಟ ಮಾತ್ರ ಹಾಗೇ ಉಳಿಯಿತು. ಸ್ವಿಚ್ಚನ್ನು ಎತ್ತಿದೊಡನೆ ಹಿಂಚಕ್ರಗಳ ಬಳಿಯ ಮೋಟರುಗಳು 'ಗುಂಯ್' ಎಂದು ಬ್ರೇಕನ್ನು ಬಿಗಿಯುವ ಸದ್ದು ಜಗಲಿಯವರೆಗೂ ಕೇಳುತ್ತಿತ್ತು. ಅದು ಕೇಳಿಸಿದ ಮೇಲೆಯೇ ಭಾವ ಬಂದು ಉಳಿದ ಕಾಫಿ ಮುಗಿಸುತ್ತಿದ್ದರು. ಆರಿದ ಕಾಫಿಯನ್ನು ಅಷ್ಟು ತೃಪ್ತಿಯಿಂದ ಕುಡಿಯುವವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಒಂದು ಸೋಮವಾರ ಭಾವ ಲಿಂಗೈಕ್ಯರಾದರು. ಬ್ಯಾಡರಹಳ್ಳಿಯ ಆಚೆ ಅವರೂ ಅಕ್ಕನೂ ಸೇರಿ ಬೆಳೆಸಿದ ಸಸಿಗಳ ನರ್ಸರಿ ಇದೆ. ಗಿಡಗಳನ್ನು ಮನೆಮನೆಗೆ ಮುಟ್ಟಿಸುತ್ತಿದ್ದದ್ದು ಈ ಪಿಕಪ್. ಅಕ್ಕನಿಗೆ ಓಡಿಸಲು ಚೆನ್ನಾಗಿ ಬರುತ್ತದೆ, ಕಲಿಸಿದವರು ಭಾವನೇ. ಆದರೂ ಅವಳು ಗಾಡಿಯನ್ನು ಮನೆಯ ಮುಂದಿನಿಂದ ಕದಲಿಸಲಿಲ್ಲ. ಕೊಳ್ಳುವವರು ಫೋನ್ ಮಾಡಿ ಮಾಡಿ ಸುಮ್ಮನಾದರು. ನಾನೊಮ್ಮೆ ನರ್ಸರಿಗೆ ಹೋಗಿ ನೋಡಿದರೆ, ಸಾಗಿಸುವವರಿಲ್ಲದೆ ಸಾಲಾಗಿ ಕುಳಿತ ಸಸಿಗಳ ಬೇರು ಪ್ಲಾಸ್ಟಿಕ್ ಚೀಲದ ತಳವನ್ನು ತೂತು ಮಾಡಿಕೊಂಡು ನೆಲಕ್ಕಿಳಿದಿತ್ತು. ಒಂದನ್ನು ಎತ್ತಲು ಹೋದೆ, ಅದು ಬರಲಿಲ್ಲ. ಹೀಗೇ ಬಿಟ್ಟರೆ ಭಾವನ ಹಿಂದೆಯೇ ನರ್ಸರಿಯೂ ಹೋಗುತ್ತದೆ, ಅದರ ಹಿಂದೆ ಅಕ್ಕ ಏನಾಗುತ್ತಾಳೋ ಎಂದು ನನಗೆ ನಿಜವಾಗಿ ದಿಗಿಲಾಯಿತು.

ಅವಳು ಗಾಡಿ ಓಡಿಸದಿರಲು ಕಾರಣ ಒಂದು ಹಳದಿ ದೀಪ. ಪಾರ್ಕಿಂಗ್ ಬ್ರೇಕಿನಲ್ಲಿ ದೋಷವಿದೆ ಎಂದು ಸ್ಟಿಯರಿಂಗಿನ ಹಿಂದೆ ಹೊತ್ತಿಕೊಳ್ಳುವ ದೀಪ. ಅಕ್ಕ ದಿನವೂ ಕೀಲಿ ತಿರುಗಿಸಿ ನೋಡುತ್ತಿದ್ದಳು, ಅದು ಸೋಮವಾರ ಹೊತ್ತಿಕೊಳ್ಳುತ್ತಿತ್ತು. ಬುಧವಾರವೋ ಗುರುವಾರವೋ ತಾನಾಗಿ ಆರುತ್ತಿತ್ತು. ಮತ್ತೆ ಸೋಮವಾರ ಹಾಜರು.

"ಅವರು ಹಿಡ್ಕೊಂಡಿದಾರೆ ಕಣೇ," ಎಂದಳು ಅಕ್ಕ. "ಬಿಡ್ತಾ ಇಲ್ಲ. ನಾನ್ಯಾಕೆ ಎಳ್ಕೊಂಡು ಹೋಗ್ಲಿ?"

ನಾನು ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ವರ್ಷಗಟ್ಟಲೆ ದುಡಿದವಳು. ಮೀಟರಿನ ಮುಳ್ಳು ಸುಮ್ಮನೆ ಅಲ್ಲಾಡುವುದಿಲ್ಲ ಎಂದು ಎಷ್ಟೋ ಮಕ್ಕಳ ತಲೆಗೆ ತುಂಬಿದವಳು. ದೆವ್ವದ ಕಥೆ ಕೇಳಿದರೆ ಫ್ಯೂಸ್ ನೋಡಿದಿರಾ ಎಂದು ಕೇಳುವ ಜಾತಿ ನನ್ನದು. ಒಂದು ಶನಿವಾರ ನಾನೇ ಗಾಡಿ ತೆಗೆದುಕೊಂಡು ವಿಜಯನಗರದ ಒಂದು ಗ್ಯಾರೇಜಿಗೆ ಹೋದೆ. ಅಂದು ದೀಪ ಸುಳಿವೇ ಕೊಡಲಿಲ್ಲ. ಡಾಕ್ಟರ ಮುಂದೆ ಕೂತಾಗ ನೋವು ಮಾಯವಾಗುವುದಿಲ್ಲವೇ, ಹಾಗೆ.

ಮೆಕ್ಯಾನಿಕ್ ಸ್ಕ್ಯಾನರ್ ಚುಚ್ಚಿ ನೋಡಿದ. "ಬ್ಯಾಟರಿ ಚೆನ್ನಾಗಿದೆ ಮೇಡಂ. ಹಿಂದಿನ ಮೋಟರ್, ವೈರು ಎಲ್ಲಾ ಓಕೆ. ಸ್ವಿಚ್ ಕಡೆ ಯಾವಾಗ್ಲೋ ಫಾಲ್ಟ್ ಬಂದಿದೆ, ಈಗಿಲ್ಲ. ಅಳಿಸಿದೀನಿ. ಮತ್ತೆ ಬಂದ್ರೆ ನೋಡೋಣ."

ವಾಪಸು ತಂದು, ಇಳಿಜಾರಿನಲ್ಲಿ ನಿಲ್ಲಿಸಿ, ಬ್ರೇಕ್ ಹಾಕಿ, ಕೀಲಿ ತೆಗೆದು, ಬಾಗಿಲಿಗೆ ಬೀಗ ಒತ್ತಿ ಅಕ್ಕನ ಪಕ್ಕ ಜಗಲಿಯಲ್ಲಿ ಕುಳಿತೆ. ಸಂಜೆ ಇಳಿಯುತ್ತಿತ್ತು. ಎದುರುಮನೆಯ ಗೇಟಿನ ದೀಪ ಹತ್ತಿತು. ನಾವಿಬ್ಬರೂ ಏನೋ ಮನೆಮಾತು ಆಡುತ್ತಿದ್ದೆವು. ಆಗ ಯಾರೂ ಇಲ್ಲದ, ಬೀಗ ಹಾಕಿದ, ಕೀಲಿ ನನ್ನ ಮಡಿಲಲ್ಲೇ ಇದ್ದ ಆ ಗಾಡಿ 'ಗುಂಯ್' ಎಂದಿತು. ನಿಧಾನವಾಗಿ, ಪೂರ್ತಿ ಬಿಗಿಯುವವರೆಗೆ ಸದ್ದು ಮಾಡಿ, ಸುಮ್ಮನಾಯಿತು.

ನನಗೆ ಭಯವಾಯಿತು, ಸುಳ್ಳೇಕೆ ಹೇಳಲಿ. ಅಕ್ಕ ತಲೆ ಕೂಡ ತಿರುಗಿಸಲಿಲ್ಲ.

"ಕೇಳಿಸ್ತಲ್ಲ? ಅವತ್ತೊಂದಿನ ಪಕ್ಕದ್ಮನೆಯವರು ಗಾಡಿ ತಗೊಂಡ್ಹೋಗಿ ವಾಪಸ್ ತಂದು ನಿಲ್ಸಿದಾಗ್ಲೂ ಹಿಂಗೇ ಆಯ್ತು. ನಿಂಗೆ ಹೇಳಿದ್ರೆ ನಗ್ತೀಯ ಅಂತ ಹೇಳ್ಲಿಲ್ಲ."

ಮನೆಗೆ ಬಂದ ಮೇಲೆ ನನ್ನ ಲ್ಯಾಬಿನ ಬುದ್ಧಿ ಮೆಲ್ಲಗೆ ಕೆಲಸಕ್ಕೆ ಬಂತು. ಓಡಿ ಬಂದ ಗಾಡಿಯ ಬ್ರೇಕಿನ ತಟ್ಟೆ, ಅಂದರೆ ಡಿಸ್ಕ್, ಕಾದಿರುತ್ತದೆ, ಕಾದದ್ದು ಹಿಗ್ಗಿರುತ್ತದೆ. ಆರುತ್ತ ಬಂದಂತೆ ಕುಗ್ಗಿ ಹಿಡಿತ ಸಡಿಲವಾಗುತ್ತದೆ. ಅದು ಗೊತ್ತಿದ್ದೇ ಗಾಡಿ ಕೆಲವು ನಿಮಿಷ ಬಿಟ್ಟು ತಾನೇ ಮತ್ತೆ ಬಿಗಿದುಕೊಳ್ಳುತ್ತದೆ. ಫೋನಿನಲ್ಲಿ ಮೆಕ್ಯಾನಿಕ್ ಕೂಡ ಅದನ್ನೇ ಹೇಳಿದ: "ಅದು ನಾರ್ಮಲ್ಲು ಮೇಡಂ." ಹಾಗಾದರೆ ಭಾವ ಇದ್ದಾಗ ಯಾರೂ ಯಾಕೆ ಗಮನಿಸಲಿಲ್ಲ? ಏಕೆಂದರೆ ಆ ಹೊತ್ತಿಗೆ ಸರಿಯಾಗಿ ಭಾವನೇ ಎದ್ದು ಹೋಗಿ ಬಿಗಿದು ಬರುತ್ತಿದ್ದರು. ಅವರಿದ್ದಾಗ ಸದ್ದಿನ ಜೊತೆಗೆ ಮನುಷ್ಯನಿದ್ದ. ಈಗ ಸದ್ದು ಮಾತ್ರ ಉಳಿದಿದೆ. ವಿವರಣೆ ಸಿಕ್ಕರೆ ನೆಮ್ಮದಿಯಾಗಬೇಕು ತಾನೇ? ನನಗೇಕೋ ಇನ್ನಷ್ಟು ಹೆದರಿಕೆಯಾಯಿತು. ಒಬ್ಬ ಮನುಷ್ಯ ಬದುಕಿದ್ದಷ್ಟೂ ದಿನ ಮಾಡಿದ ಕೆಲಸವನ್ನು ಯಂತ್ರವೊಂದು ಅದೇ ಹೊತ್ತಿಗೆ, ಅದೇ ದನಿಯಲ್ಲಿ ಮಾಡುತ್ತಿದ್ದರೆ, ಆ ಮನುಷ್ಯ ಹೋಗಿದ್ದಾನೆ ಎಂದು ನಂಬುವುದು ಎಷ್ಟು ಕಷ್ಟ ಎಂದು ಯೋಚಿಸುತ್ತ ಮಲಗಿದೆ.

ಸದ್ದಿಗೆ ಕಾರಣ ಸಿಕ್ಕಿತು, ದೀಪಕ್ಕೆ ಸಿಗಲಿಲ್ಲ. ಸೋಮವಾರ ರಜೆ ಹಾಕಿ ಬೆಳಿಗ್ಗೆಯೇ ಅಕ್ಕನ ಮನೆಗೆ ಹೋದೆ. ಅವಳು ತಲೆಗೆ ನೀರು ಹಾಕಿಕೊಂಡು, ಬಟ್ಟಲಲ್ಲಿ ನೀರು ಬೆರೆಸಿದ ವಿಭೂತಿ ಹಿಡಿದು ಗಾಡಿಯ ಹತ್ತಿರ ಬಂದಳು. ನಮ್ಮ ಮನೆಗಳಲ್ಲಿ ಗಾಡಿಗೆ ವಿಭೂತಿ ಹಚ್ಚುವುದು ಹೊಸದೇನಲ್ಲ, ಭಾವ ಹೋದ ಮೇಲೆ ಅವಳು ಪ್ರತಿ ಸೋಮವಾರವೂ ಹಚ್ಚುತ್ತಿದ್ದಳಂತೆ. ಬಾನೆಟ್ಟಿಗೆ ಮೂರು ಗೆರೆ ಎಳೆದಳು, ಸ್ಟಿಯರಿಂಗಿಗೆ ಎಳೆದಳು. ಆಮೇಲೆ ಒಳಗೆ ಕುಳಿತು, ಬೆರಳುಗಳನ್ನು ಬಟ್ಟಲಲ್ಲಿ ಇನ್ನೊಮ್ಮೆ ಅದ್ದಿ, ಬ್ರೇಕಿನ ಆ ಪುಟ್ಟ ಸ್ವಿಚ್ಚಿನ ಮೇಲೆ ಇಟ್ಟಳು. ಇಟ್ಟ ಕೈ ತೆಗೆಯಲಿಲ್ಲ. ಬಿಳಿಯ ನೀರು ಅವಳ ಬೆರಳ ಸಂದಿಯಿಂದ ಸ್ವಿಚ್ಚಿನ ಸಂದಿಗೆ ಇಳಿಯುತ್ತಿತ್ತು.

"ಆಸ್ಪತ್ರೆಗೆ ಹೋಗೋ ಮುಂಚೆ ಅವರು ಕೊನೇಗೆ ಮುಟ್ಟಿದ್ದು ಇದನ್ನೇ ಅಲ್ವೇನೇ," ಎಂದಳು.

ಆಮೇಲೆ ಗಾಡಿ ಸ್ಟಾರ್ಟ್ ಮಾಡಿದಳು. ಹಳದಿ ದೀಪ ಹೊತ್ತಿಕೊಂಡಿತು.

ಆ ಸ್ವಿಚ್ಚಿನೊಳಗೆ ಒಂದೇ ಸುದ್ದಿಯನ್ನು ಎರಡು ದಾರಿಯಲ್ಲಿ ಕಳಿಸುವ ಏರ್ಪಾಡಿರುತ್ತದೆ. ಎರಡೂ ತಾಳೆಯಾಗದಿದ್ದರೆ ಗಾಡಿ ದೂರು ಹೇಳುತ್ತದೆ. ವಿಭೂತಿಯ ನೀರು ಹಸಿಯಿರುವಷ್ಟು ದಿನ ದೂರು, ಒಣಗಿದೊಡನೆ ಸುಮ್ಮನೆ. ಅಷ್ಟೇ ಸಂಗತಿ. ನಾನು ಸ್ವಿಚ್ಚನ್ನು ಬಿಚ್ಚಿ, ಒಳಗೆ ಗಟ್ಟಿಯಾಗಿದ್ದ ಬಿಳಿಯ ಹಿಟ್ಟನ್ನು ಕ್ಲೀನರ್ ಹೊಡೆದು ತೊಳೆದು, ಒಣಗಿಸಿ ಮತ್ತೆ ಕೂರಿಸಿದೆ. ಕೀಲಿ ತಿರುಗಿಸಿದಾಗ ದೀಪ ಬರಲಿಲ್ಲ. ಅಕ್ಕ ಪಕ್ಕದಲ್ಲೇ ನಿಂತು ನೋಡುತ್ತಿದ್ದಳು.

"ಹಾಗಾದ್ರೆ ಹಿಡ್ಕೊಂಡಿದ್ದೋಳು ನಾನೇ," ಎಂದಳು. ಆಮೇಲೆ ಹಿಂಚಕ್ರದ ಕಡೆ ನೋಡುತ್ತ ಕೇಳಿದಳು, "ಆ ಶಬ್ದಾನೂ ಹಿಂಗೇ ಏನಾದ್ರೂನಾ?"

ಓದುಗರೇ, ನೀವಾಗಿದ್ದರೆ ಏನು ಹೇಳುತ್ತಿದ್ದಿರೋ. ಅವಳ ಮುಖ ನೋಡಿ ನನಗೆ ಸುಳ್ಳು ಹೇಳುವ ಆಸೆಯಾಯಿತು. ಆದರೆ ಭಾವ ಕಾವಲಿದ್ದಾರೆ ಎಂದು ನಂಬುವಷ್ಟು ದಿನ ಇವಳು ಜಗಲಿ ಬಿಟ್ಟು ಏಳುವುದಿಲ್ಲ, ಆ ಸಸಿಗಳನ್ನು ಎತ್ತುವವರು ಯಾರೂ ಇರುವುದಿಲ್ಲ. ಕಾದ ತಟ್ಟೆ, ಆರುವ ತಟ್ಟೆ ಎಲ್ಲವನ್ನೂ ಹೇಳಿದೆ. ಪಾಠ ಮಾಡುವ ದನಿಯಲ್ಲೇ ಹೇಳಿದೆ, ಬೇರೆ ದನಿ ಬರಲಿಲ್ಲ. ಅವಳು ಪೂರ್ತಿ ಕೇಳಿಸಿಕೊಂಡಳು. "ಸರಿ ಬಿಡು," ಎಂದು ನನ್ನ ಕೈಯಿಂದ ಕೀಲಿ ತೆಗೆದುಕೊಂಡಳು.

ಅಂದು ಓಡಿಸಿದವಳು ಅವಳೇ. ಮಾಗಡಿ ರಸ್ತೆಯ ದಟ್ಟಣೆಯಲ್ಲಿ ನುಸುಳಿ ನರ್ಸರಿಗೆ ಹೋದೆವು. ನೆಲಕ್ಕಿಳಿದ ಬೇರುಗಳನ್ನು ಅಕ್ಕ ಒಂದೊಂದಾಗಿ ಕತ್ತರಿಸಿದಳು. ಸಸಿಗಳನ್ನು ಹೇರಿಕೊಂಡು ಹೋಗಿ ಮಲ್ಲತ್ತಹಳ್ಳಿಯ ಒಂದು ಮನೆಗೆ ಇಳಿಸಿದೆವು. ಬರುವಾಗ ದಾರಿಯುದ್ದಕ್ಕೂ ಗಾಡಿಗಳ ಸಾಲು. ನಡೆದಿದ್ದರೂ ಅಷ್ಟೇ ಬೇಗ ಬರಬಹುದಿತ್ತು. ಮನೆಯ ಮುಂದೆ ನಿಲ್ಲಿಸಿ, ಬ್ರೇಕ್ ಹಾಕಿ, ಹಿಂದಿರುಗಿಯೂ ನೋಡದೆ ಅಕ್ಕ ಒಳಗೆ ಹೋದಳು. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕೈಕಾಲಿನ ಮಣ್ಣು ತೊಳೆಯುವ ಸದ್ದು ಕೇಳುತ್ತಿತ್ತು. ಅವಳು ಗೆದ್ದಳು ಎಂದುಕೊಂಡೆ, ಖುಷಿಯಾಯಿತು.

ನಾನು ಜಗಲಿಯಲ್ಲಿ ಕುಳಿತೆ. ಕುಳಿತೇ ಇದ್ದೆ. ಸದ್ದು ಬರಲಿಲ್ಲ. ತೆವಳಿಕೊಂಡು ಬಂದ ಗಾಡಿಯ ತಟ್ಟೆ ಕಾದಿರಲಿಕ್ಕಿಲ್ಲ, ಅದಕ್ಕೆ ಮತ್ತೆ ಬಿಗಿಯುವ ಅಗತ್ಯ ಬಿದ್ದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕಿವಿಗೊಟ್ಟು ಕಾಯುತ್ತಿದ್ದೆ. ಬೀದಿ ತೀರ ನಿಶ್ಶಬ್ದವಾಗಿತ್ತು, ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ. ಕೊನೆಗೆ ಎದ್ದು, ಬೀದಿಗಿಳಿದು, ಗಾಡಿಯ ಬಾಗಿಲು ತೆರೆದು ಒಳಗೆ ಕುಳಿತು, ಒಂದು ಬೆರಳಿನಿಂದ ಸ್ವಿಚ್ಚನ್ನು ಎತ್ತಿದೆ.

'ಗುಂಯ್' ಎಂದಿತು.

ಒಳಗೆ ನಲ್ಲಿಯ ಸದ್ದು ನಿಂತಿತು. ಬಚ್ಚಲಿನಿಂದ ಅಕ್ಕನ ದನಿ, ದಿನವೂ ಕೂಗುವವಳ ಹಾಗೆ ಸಹಜವಾಗಿ, ಬಂತು:

"ಆಯ್ತೇನ್ರೀ?"

ಸದ್ದಿಗೆ ಕಾರಣ ನನ್ನ ಬೆರಳೇ ಎಂದು ನನಗೆ ಗೊತ್ತಿತ್ತು. ಆದರೂ ತಿರುಗಿ ಪಕ್ಕದ ಸೀಟನ್ನು ನೋಡಿದೆ.