ಕಮಾನಿನೊಳಗಿನ ಕಾಳು

ಶಿಗ್ಗಾವಿಯ ಹೆದ್ದಾರಿ ಪಕ್ಕದ ನನ್ನ ಶೆಡ್ಡಿನಲ್ಲಿ ಎರಡು ಥರದ ಕೆಲಸ ನಡೆಯುತ್ತದೆ. ಹೊಟ್ಟೆಪಾಡಿಗೆ ಟ್ರ್ಯಾಕ್ಟರ್ ಟ್ರೇಲರು, ಹಾನಗಲ್ಲಿನ ಭತ್ತದವರಿಗೆ ಟ್ರೇಲರಿನ ಎತ್ತರದ ಪಕ್ಕಗಳು, ಸವಣೂರಿನ ಎಲೆತೋಟದವರಿಗೆ ಗೇಟು. ಇನ್ನೊಂದನ್ನು ಹೇಳಿದರೆ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನಗುತ್ತಾರೆ. ಡ್ರ್ಯಾಗ್ ರೇಸಿನ ಕಾರುಗಳಿಗೆ ಚಾಸಿ ಮತ್ತು ರೋಲ್ ಕೇಜ್ ಕಟ್ಟುತ್ತೇನೆ ನಾನು. ನಗುವವರು ನಗಲಿ. ಹೆಂಗಸು ವೆಲ್ಡಿಂಗ್ ಮಾಡುವುದನ್ನು ನೋಡಲು ಬಂದು ನಿಂತವರನ್ನು ಕಣ್ಣು ಹೋಗುತ್ತದೆಂದು ಹೆದರಿಸಿ ಓಡಿಸಿ ನನಗೆ ರೂಢಿಯಾಗಿದೆ.

ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲ, ಏರಿಳಿತವಿಲ್ಲ. ಎರಡು ಕಾರು ಪಕ್ಕಪಕ್ಕ ನಿಂತು ನೇರ ದಾರಿಯಲ್ಲಿ ಒಂದೇ ಉಸಿರಿಗೆ ಓಡುವುದು. ಎಂಜಿನ್ನಿನ ಸೊಕ್ಕು ಹೆಚ್ಚಾದಷ್ಟೂ ಕಾರು ಅಡ್ಡ ತಿರುಗಿ ಮಗುಚುವ ಭಯ ಹೆಚ್ಚು. ಅದಕ್ಕೇ ಕಾರಿನೊಳಗೆ ಉಕ್ಕಿನ ಪೈಪಿನ ಒಂದು ಪಂಜರ, ಅದೇ ರೋಲ್ ಕೇಜ್, ಕಟ್ಟುತ್ತಾರೆ. ಹೊರಗಿನ ತಗಡೆಲ್ಲ ಮುದ್ದೆಯಾದರೂ ಒಳಗೆ ಕೂತವನು ಮುದ್ದೆಯಾಗಬಾರದು, ಇಷ್ಟೇ ಅದರ ಕೆಲಸ. ಚಾಲಕನ ತಲೆಯ ಹಿಂದೆ ಒಂದು ದೊಡ್ಡ ಕಮಾನು ಇರುತ್ತದೆ. ಉಳಿದ ಪೈಪುಗಳೆಲ್ಲ ಅದನ್ನೇ ನೆಚ್ಚಿಕೊಂಡು ನಿಂತಿರುತ್ತವೆ. ಕಮಾನು ಹೋದರೆ ಎಲ್ಲ ಹೋದಂತೆ.

ಈ ಪಂಜರದಲ್ಲಿ ಕೂರುವವನು ನನ್ನ ತಮ್ಮ. ಅದೇ ನನ್ನ ರೋಗ. ಬೇರೆಯವರ ಕಾರಾಗಿದ್ದರೆ ಬೆಸುಗೆಯನ್ನು ಒಮ್ಮೆ ನೋಡಿ, ಅಳತೆ ಹಿಡಿದು, ಬಣ್ಣ ಬಳಿದು ಕಳಿಸುತ್ತೇನೆ. ತಮ್ಮನ ಕಾರಿನ ಪೈಪುಗಳನ್ನು ಮಾತ್ರ ಹಿತ್ತಾಳೆಯ ಸಣ್ಣ ಸುತ್ತಿಗೆಯಿಂದ ಬಡಿದು ಬಡಿದು ಕೇಳುತ್ತೇನೆ. ಪೈಪು ಗಟ್ಟಿಯಾಗಿದ್ದರೆ, ಬೆಸುಗೆ ಸರಿಯಾಗಿದ್ದರೆ ಉದ್ದಕ್ಕೂ ಒಂದೇ ಸ್ವರ ಬರುತ್ತದೆ. ಊಟಕ್ಕೆ ಕೂತವಳು ಎದ್ದು ಹೋಗಿ ಬಡಿದದ್ದಿದೆ. ಹಿರೇಕೆರೂರಿನ ಕಡೆಯ ನಮ್ಮ ಹಳ್ಳಿಗೆ ಹೊರಟವಳು ಅರ್ಧ ದಾರಿಯಿಂದ ತಿರುಗಿ ಬಂದು ಬಡಿದದ್ದೂ ಇದೆ. ತಮ್ಮ ಎಂಜಿನ್ನಿನ ಮೇಲೆ ಬಗ್ಗಿದ್ದವನು ತಲೆಯೆತ್ತದೇ, "ಅಕ್ಕಾ, ಅದೇನು ಗುಡಿ ಗಂಟೇನ?" ಎನ್ನುತ್ತಿದ್ದ. ಎಂಜಿನ್ನು ಅವನದು, ಉಕ್ಕು ನನ್ನದು. ಹೀಗೆ ಮೊದಲಿನಿಂದಲೂ ಹಂಚಿಕೊಂಡಿದ್ದೆವು.

ಪ್ರತಿ ರೇಸಿಗೆ ಮೊದಲು ಅವನಿಗೆ ನಾನು ಹೇಳುತ್ತಿದ್ದುದು ಒಂದೇ ಮಾತು. "ಅಂಜಬ್ಯಾಡ. ಪಂಜರ ಐತಿ." ಅವನು ಹಲ್ಲು ಕಿರಿದು, "ನಾ ಯಾಕ ಅಂಜಲಿ? ಅಂಜಾಕ ನೀ ಅದಿಯಲ್ಲ," ಎನ್ನುತ್ತಿದ್ದ.

ಆ ಸಲದ ರೇಸಿಗೆ ಇನ್ನು ಕೆಲವೇ ದಿನ ಇತ್ತು. ಹಿಂದಿನ ಚಕ್ರ ಬದಲಿಸಬೇಕೆಂದು ಕಾರಿನ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಏರಿಸುತ್ತಿದ್ದೆ. ಕಾರು ವಾಲಿತು. ಒಳಗಿನಿಂದ ಸರ್ರನೆ ಒಂದು ಸದ್ದು ಬಂತು. ಬಿದಿರಿನ ಮೊರದಲ್ಲಿ ಕಾಳು ಜಾರಿದಂಥ ಸದ್ದು. ಜಾಕ್ ಇಳಿಸಿದೆ. ಮತ್ತೆ ಸರ್ರ್.

ಪೈಪಿನೊಳಗೆ ಏನೋ ಓಡಾಡುತ್ತಿದೆ ಎಂದರೆ ಏನರ್ಥ? ಬೆಸುಗೆಯ ಚೂರು ಒಳಗೆ ಉದುರಿತೇ? ಒಳಗಿಂದ ತುಕ್ಕು ಹಿಡಿದು ಹಕ್ಕಳೆ ಏಳುತ್ತಿದೆಯೇ? ಹೊರಗೆ ಹೊಳೆಯುವ ಬಣ್ಣ, ಒಳಗೆ ಕೊಳೆತ ಉಕ್ಕು, ಅದರೊಳಗೆ ನನ್ನ ತಮ್ಮ. ಸುತ್ತಿಗೆ ಹುಡುಕಿದರೆ ಅದು ನನ್ನ ಕೈಯಲ್ಲೇ ಇತ್ತು.

ಒಂದೊಂದೇ ಪೈಪು ಬಡಿಯುತ್ತ ಹೋದೆ. ಬಾಗಿಲ ಪಕ್ಕದ್ದು ಸರಿ, ಚಾವಣಿಯದ್ದು ಸರಿ. ಹಿಂದಿನ ದೊಡ್ಡ ಕಮಾನಿಗೆ ಬಂದಾಗ ಸ್ವರ ಬಿದ್ದುಹೋಯಿತು. ಬುಡದಲ್ಲಿ, ಸೀಟಿನ ಹಿಂದೆ ನಾನು ಎಂದೂ ಬಗ್ಗಿ ಬಡಿಯದ ಜಾಗದಲ್ಲಿ, ಮೊದ್ದು ಸದ್ದು. ಬೆರಳಿನಿಂದ ಸವರುತ್ತ ಮೇಲೆ ಹೋದೆ. ಕಮಾನು ಬಾಗುವ ಜಾಗದಲ್ಲಿ, ತಮ್ಮನ ಎಡಕಿವಿಯ ಹಿಂದೆ ಬರುವಲ್ಲಿ, ಬಣ್ಣದ ಕೆಳಗೆ ಒಂದು ಉಬ್ಬು ಸಿಕ್ಕಿತು. ಉಗುರಿನಿಂದ ಕೆರೆದೆ. ನಲ್ಲಿ ಸೋರಿದರೆ ಮೆತ್ತುತ್ತಾರಲ್ಲ, ಆ ಪುಟ್ಟಿ. ಪುಟ್ಟಿ ಕಿತ್ತರೆ ಕೆಳಗೆ ತೂತು. ಡ್ರಿಲ್ಲಿನಿಂದ ಕೊರೆದ, ದುಂಡನೆಯ, ಅಚ್ಚುಕಟ್ಟಾದ ತೂತು. ತೂತಿನ ಬಾಯಿಗೆ ಬೆರಳು ಹಿಡಿದು ಕಾರನ್ನು ಇನ್ನಷ್ಟು ವಾಲಿಸಿ ಅಲುಗಾಡಿಸಿದೆ. ಬೆರಳಿಗೆ ತಾಗಿ ಹೊರಬಿದ್ದದ್ದು ಒಂದು ಜೋಳದ ಕಾಳು, ಅದರ ಹಿಂದೆ ನಾಲ್ಕಾರು ನವಣೆ, ಎಳ್ಳು.

ಪೈಪು ಬಾಗಿದ ಕಡೆ ಅದರ ಹೊರಮೈ ಹಿಗ್ಗಿ ತೆಳುವಾಗಿರುತ್ತದೆ. ಅಲ್ಲಿ ತೂತು ಬಿದ್ದಿದ್ದರೆ, ಹೊಡೆತ ಬಿದ್ದಾಗ ಪೈಪು ಬಾಗಿ ತಾಳಿಕೊಳ್ಳುವುದಿಲ್ಲ, ತೂತಿನಿಂದಲೇ ಹರಿದುಹೋಗುತ್ತದೆ. ಇಡೀ ಕಾರಿನಲ್ಲಿ ಎಲ್ಲಿ ಕೊರೆಯಬಾರದೋ ಹುಡುಕಿ ಹುಡುಕಿ ಅಲ್ಲೇ ಕೊರೆದಿದ್ದರು.

ಯಾರೆಂದು ಯೋಚಿಸಬೇಕಾಗಿರಲಿಲ್ಲ. ನಮ್ಮ ಕಡೆ ಹೊಸ ಮನೆಗೆ ಬಾಗಿಲಿನ ಚೌಕಟ್ಟು ನಿಲ್ಲಿಸುವಾಗ ಬುಡಕ್ಕೆ ಒಂಬತ್ತು ಥರದ ಕಾಳು ಹಾಕುತ್ತಾರೆ. ನಮ್ಮಪ್ಪ ಹಟ್ಟಿಗೆ ಕಂಬ ನೆಟ್ಟರೂ ಹಾಕುತ್ತಾನೆ, ಬೋರಿನ ಮೋಟರಿಗೆ ಕಟ್ಟೆ ಕಟ್ಟಿದರೂ ಹಾಕುತ್ತಾನೆ. ಹಿಂದಿನ ಅಮಾವಾಸ್ಯೆಗೆ ಗಾಡಿಪೂಜೆಗೆಂದು ಶೆಡ್ಡಿಗೆ ಬಂದಿದ್ದ. ನಾನು ಯಲವಿಗಿಗೆ ಯಾರದೋ ಟ್ರೇಲರ್ ನೋಡಲು ಹೋಗಿದ್ದೆ.

ಗಾಡಿ ತೆಗೆದುಕೊಂಡು ಸೀದಾ ಊರಿಗೆ ಹೊರಟೆ. ಹಾನಗಲ್ ದಾಟಿದ್ದು ಗೊತ್ತಾಗಲಿಲ್ಲ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಳ್ಳುತ್ತಿದ್ದೆ, ನಡುನಡುವೆ ಆ ತೂತು ಕಣ್ಣಿಗೆ ಬಂದು ಬೈಗುಳ ಮರೆತುಹೋಗುತ್ತಿತ್ತು. ಹೋದ ರೇಸು ಆಗಿದ್ದು ಅಮಾವಾಸ್ಯೆಗೆ ಮೊದಲೋ ನಂತರವೋ ಎಂದು ಲೆಕ್ಕ ಹಾಕಿದೆ. ನಂತರ. ಅಂದರೆ ಆ ತೂತನ್ನು ತಲೆಯ ಹಿಂದೆ ಇಟ್ಟುಕೊಂಡೇ ಅವನು ಒಮ್ಮೆ ಓಡಿಸಿದ್ದ, ನಾನು ಪಕ್ಕದಲ್ಲಿ ನಿಂತು ಪಂಜರ ಐತಿ ಎಂದಿದ್ದೆ.

ಅಪ್ಪ ಅಂಗಳದಲ್ಲಿ ಗೋವಿನಜೋಳದ ರಾಶಿ ಹರವುತ್ತಿದ್ದ. ನಾನು ಕಾಳನ್ನು ಅವನ ಮುಂದೆ ಹಿಡಿದೆ.

"ಏನಪ್ಪಾ ಇದು? ತಲಿ ಕೆಟ್ಟೈತೇನ ನಿನಗ? ಆ ಪೈಪಿಗೆ ತೂತು ಬಿದ್ರ ಅಂವ ಉಳಿತಾನೇನ?"

ಅಪ್ಪ ಕೈಯ ಧೂಳು ಒರೆಸಿಕೊಂಡ. "ಕಾಳು ನಾ ಕೊಟ್ಟಿದ್ದು ಖರೆ," ಎಂದ. "ತೂತು ನಾ ಹಾಕಿಲ್ಲ. ನನಗ ಆ ಮಿಷನ್ ಹಿಡಿಯಾಕರೆ ಎಲ್ಲಿ ಬರತೈತಿ?"

"ಮತ್ಯಾರು ಹಾಕಿದ್ರು?"

"ನಿನ್ನ ತಮ್ಮ ತಾನಾಗೇ ಕೇಳಿದ. ಒಂದೀಟು ಕಾಳು ಕೊಡಪ್ಪ, ಕಾರಿಗೆ ಹಾಕ್ತೇನಿ ಅಂದ. ದೊಡ್ಡ ಕಾಳು ತೂತಿನ್ಯಾಗ ಹೋಗ್ಲಿಲ್ಲ. ಸಣ್ಣವಷ್ಟ ಹಾಕಿದ್ವಿ." ರಾಶಿಯಲ್ಲಿ ಕೈಯಾಡಿಸುತ್ತ ಮತ್ತೆ ಹೇಳಿದ. "ಅಕ್ಕಗ ಹೇಳಬ್ಯಾಡ ಅಂದಿದ್ದ. ನೀ ಸಿಟ್ಟಿಗೇಳ್ತಿ ಅಂತ."

ನಾನು ಜೋಡಿಸಿಕೊಂಡು ಬಂದಿದ್ದ ಬೈಗುಳಗಳಿಗೆ ಈಗ ಜಾಗವಿರಲಿಲ್ಲ. ಅವ್ವ ಊಟ ಮಾಡಿ ಹೋಗು ಎಂದಳು. ಊಟಕ್ಕೆ ಕೂರದೇ ಹೊರಟುಬಂದೆ.

ಶೆಡ್ಡಿಗೆ ಮುಟ್ಟಿದಾಗ ತಮ್ಮ ಕಾರಿನ ಪಕ್ಕ ನಿಂತಿದ್ದ. ಕಿತ್ತ ಪುಟ್ಟಿಯನ್ನು ಅವನು ಆಗಲೇ ನೋಡಿದ್ದ.

"ಅಪ್ಪಗ ಬೈದಿಯೇನು?" ಎಂದ.

"ಅಂವಗ ಬೈಯಾಕ ಹೋಗಿದ್ದೆ. ಈಗ ನಿನಗ ಬೈತೇನಿ. ಹುಚ್ಚಪ್ಯಾಲಿ, ಕಾಳು ಬೇಕಿದ್ರ ಕಿಸೇದಾಗ ಇಟ್ಕೊಬೇಕಿತ್ತು. ಉಕ್ಕಿಗೆ ಯಾಕ ಕೈ ಹಚ್ಚಿದಿ?"

ಅವನು ತಲೆ ತಗ್ಗಿಸಿ ನಟ್ಟು ತಿರುಗಿಸುವ ಪಾನಾ ಒರೆಸುತ್ತ ನಿಂತ. ಒರೆಸಿದ್ದನ್ನೇ ಒರೆಸಿದ. ಆಮೇಲೆ ಮೆಲ್ಲಗೆ ಹೇಳಿದ. "ಒಳಗ ಕುಂತಾಗ ಕಾಲು ನಡಗತಾವ ಅಕ್ಕಾ. ಹೋದ ವರ್ಷ ನಮ್ಮ ಪಕ್ಕದಾಗ ಓಡಿದ ಕಾರು ಮಗಚಿತ್ತಲ್ಲ, ಅವತ್ತಿನಿಂದ."

ನಾನು ಅವನ ಮುಖವನ್ನೇ ನೋಡಿದೆ. ಅಂಜುವ ಕೆಲಸವನ್ನು ಪೂರ್ತಿ ನನಗೆ ಬಿಟ್ಟಿದ್ದಾನೆ ಎಂದು ನಾನು ಅಂದುಕೊಂಡಿದ್ದ ತಮ್ಮ ಇವನೇ.

"ಮತ್ತ ನನಗ ಯಾಕ ಹೇಳಲಿಲ್ಲ?"

"ನಿನಗ ಹೇಳಿದ್ರ ಇನ್ನೊಂದು ಪೈಪ್ ಹಾಕತಿದ್ದಿ."

ಅದು ನಿಜ. ಅವನು ಒಂದು ಸಲ ರಾತ್ರಿ ನಿದ್ದೆ ಬರಲಿಲ್ಲ ಎಂದಾಗ ನಾನು ಮರುದಿನ ಸೀಟಿನ ಹಿಂದೆ ಅಡ್ಡಪೈಪು ಬೆಸೆದಿದ್ದೆ. ಅವನು ಏನು ಹೇಳಿದರೂ ನನ್ನ ಕೈ ಪೈಪಿನ ಕಡೆಗೇ ಹೋಗುತ್ತಿತ್ತು.

ತೂತಿಗೆ ಬೆಸುಗೆ ತುಂಬಿ ಮುಚ್ಚಿ ಮುಗಿಸುವ ಕೆಲಸ ಅದಲ್ಲ. ಕಮಾನು ಪೂರ್ತಿ ಕತ್ತರಿಸಿ ತೆಗೆದೆ. ಬುಡ ಬಿಟ್ಟಾಗ ಕಾಳು ಜಲಜಲನೆ ನೆಲಕ್ಕೆ ಸುರಿಯಿತು. ತಮ್ಮ ಮಂಡಿಯೂರಿ ಕೈಯಿಂದ ಅದನ್ನು ಬಳಿದು ಒಂದು ಹಳೆಯ ಅರಿವೆಯಲ್ಲಿ ಕಟ್ಟಿಟ್ಟ. ಹೊಸ ಪೈಪು ಬಾಗಿಸುವಾಗ ಅವನು ಇನ್ನೊಂದು ತುದಿ ಹಿಡಿದುಕೊಂಡ. ಬೆಸುಗೆ ಮುಗಿದ ಮೇಲೆ ನಾನು ಸುತ್ತಿಗೆ ಎತ್ತಲಿಲ್ಲ. ಅವನನ್ನು ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದು, ಅವನ ಮೊಳಕಾಲ ಮೇಲೆ ಕೈಯಿಟ್ಟೆ. ನಿಂತ ಕಾರಿನಲ್ಲಿ, ಎಂಜಿನ್ನು ಬಂದ್ ಆಗಿರುವಾಗಲೂ ಅದು ಸಣ್ಣಗೆ ನಡುಗುತ್ತಿತ್ತು.

"ಬ್ಯಾಡಾದ್ರ ಬ್ಯಾಡ," ಎಂದೆ. "ಖರೇನ ಹೇಳಾಕತ್ತೇನಿ. ಕಾರು ಮಾರಿಬಿಡೋಣು."

"ಓಡಸ್ತೇನಿ," ಎಂದ. "ಆದ್ರ ಅಂಜಬ್ಯಾಡ ಅಂತ ಅನಬ್ಯಾಡ."

"ಆತು. ಅಂಜು. ನಾನೂ ಅಂಜತೇನಿ."

ರೇಸಿನ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಹಿಂದೆ ವಿಮಾನ ಇಳಿಯುತ್ತಿದ್ದ, ಈಗ ಬಳಕೆ ತಪ್ಪಿದ ಹಳೆಯ ಪಟ್ಟಿ, ಎರಡೂ ಬದಿಗೆ ಜನ. ತಪಾಸಣೆಯವನು ಕಮಾನನ್ನು ಬಡಿದು ನೋಡಿ ತಲೆಯಾಡಿಸಿದ. ಅವನ ತಲೆಯಾಟದಿಂದ ನನಗೇನೂ ಸಮಾಧಾನವಾಗಲಿಲ್ಲ. ಆ ಅರಿವೆಯ ಗಂಟು ನನ್ನ ಮುಷ್ಟಿಯಲ್ಲಿತ್ತು. ನಂಬಿಕೆ ಹುಟ್ಟಿತೆಂದಲ್ಲ, ಸುತ್ತಿಗೆ ಬಿಟ್ಟು ಬಂದಿದ್ದೆ, ಕೈಗೆ ಏನಾದರೂ ಬೇಕಾಗಿತ್ತು. ಹೆಲ್ಮೆಟ್ಟಿನೊಳಗಿಂದ ತಮ್ಮ ನನ್ನನ್ನು ನೋಡಿದ. ಬಾಯಿಗೆ ಬಂದ ಹಳೆಯ ಮಾತನ್ನು ನುಂಗಿಕೊಂಡು, "ಲಗೂನ ಬಾ," ಎಂದೆ.

ದೀಪ ಹಸಿರಾಯಿತು. ಎರಡೂ ಕಾರು ಸಿಡಿದು ಹೊರಟವು. ನಮ್ಮದು ಮುಂದಿತ್ತು. ಅರ್ಧ ದೂರದಲ್ಲಿ ಅದರ ಹಿಂಭಾಗ ಎಡಕ್ಕೆ ಜಾರಿತು. ಸ್ವಲ್ಪವೇ. ಹಿಂದೆಲ್ಲ ಅವನು ಅಂಥ ಕಡೆ ಆಕ್ಸಿಲರೇಟರನ್ನು ಇನ್ನಷ್ಟು ಒತ್ತುತ್ತಿದ್ದ, ಪಂಜರ ಇದೆಯಲ್ಲ ಎಂದು. ಆಗ ಎಂಜಿನ್ನಿನ ಸದ್ದು ತಟ್ಟನೆ ಇಳಿಯಿತು. ಕಾರು ಒಮ್ಮೆ ಹೊಯ್ದಾಡಿ, ನೆಟ್ಟಗಾಗಿ, ಸಾವಕಾಶ ಮುಂದೆ ಹೋಯಿತು. ಪಕ್ಕದ ಕಾರು ದಾಟಿ ಗೆದ್ದಿತು. ಜನ ಹೋ ಎಂದು ನಮ್ಮವನನ್ನು ಆಡಿಕೊಂಡರು.

ನಾನು ಓಡಿ ಮುಟ್ಟುವಷ್ಟರಲ್ಲಿ ಅವನು ಬೆಲ್ಟು ಬಿಚ್ಚಿಕೊಂಡು ಹೊರಗೆ ಬಂದು, ಕಾರಿನ ನೆರಳಿನಲ್ಲಿ ಕೂತಿದ್ದ. ಮುಖದಲ್ಲಿ ಬೆವರು ಇಳಿಯುತ್ತಿತ್ತು.

"ಕಾಲು ತಗದೆ ಅಕ್ಕಾ," ಎಂದ. "ಅಂಜಿಕಿ ಬಂತು. ತಗದುಬಿಟ್ಟೆ."

"ಚೊಲೋ ಮಾಡಿದಿ," ಎಂದೆ. ಹೇಳುತ್ತಿದ್ದಂತೆ ಅಳು ಬಂತು, ತಡೆಯಲಿಲ್ಲ. ಮುಷ್ಟಿ ಬಿಚ್ಚಿದರೆ ಗಂಟು ಯಾವಾಗಲೋ ಬಿಚ್ಚಿಹೋಗಿ ನವಣೆಯೆಲ್ಲ ಅಂಗೈಗೆ ಅಂಟಿಕೊಂಡಿತ್ತು. ಆ ಹೊಸ ಕಮಾನಿಗೆ ಒಂದು ಗೀರೂ ಬಿದ್ದಿರಲಿಲ್ಲ. ನನ್ನ ಕೈಕೆಲಸ ಉಪಯೋಗಕ್ಕೆ ಬರಲಿಲ್ಲವೆಂದು ನಾನು ಜನ್ಮದಲ್ಲಿ ಮೊದಲ ಸಲ ಸಂತೋಷಪಟ್ಟೆ.

ಅಷ್ಟರಲ್ಲಿ ಅಪ್ಪನ ಫೋನು ಬಂತು. ಅವನು ಎಂದೂ ರೇಸಿನ ದಿನ ಫೋನು ಮಾಡುವವನಲ್ಲ.

"ಏನಾತು? ಗೆದ್ನೇನು?"

"ಇಲ್ಲಪ್ಪ. ಸೋತ."

ಆ ಕಡೆ ಅಪ್ಪ ಫೋನಿಗೆ ಸರಿಯಾಗಿ ಕೈ ಮುಚ್ಚದೇ ಅವ್ವನಿಗೆ ಹೇಳಿದ್ದು ನನಗೂ ಕೇಳಿಸಿತು.

"ಸೋತಾನಂತ. ನಡಿ, ಮುಂಜಾನಿಂದ ಉಪಾಸ ಅದೀವಿ, ಈಗ ಊಟ ಮಾಡೂಣು."